ತಾಯಿಯ ಒಡವೆಯೂ ಲಾಲ್‌ಬಾಗಿನ ಹೂವೂ



ಮನೆಯ ಹಿರಿಯ ಜೀವವೊಂದು ಕಣ್ಮರೆಯಾದ ಮೇಲೆ ಆ ಮನೆಯಲ್ಲಿ ಮೊದಲು ತೆರೆಯಲ್ಪಡುವುದು ಪೆಟ್ಟಿಗೆ, ಕೊನೆಗೆ ತೆರೆಯಲ್ಪಡುವುದು ಮನಸ್ಸು. ಭೂಮಿಯ ಪಾಲಿಗೆ ಪಹಣಿಯುಂಟು, ಮನೆಯ ಪಾಲಿಗೆ ಖಾತೆಯುಂಟು. ಒಡವೆಗೆ ಮಾತ್ರ ಯಾವ ದಾಖಲೆಯೂ ಇರುವುದಿಲ್ಲ. ಅದು ಯಾರ ಕೊರಳಿನಿಂದ ಯಾರ ಕೊರಳಿಗೆ ಬಂದಿತೆಂಬುದು ಹೆಂಗಸರ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ. ನೆನಪಿಟ್ಟುಕೊಂಡಿದ್ದವರು ಹೋದ ಮೇಲೆ ಉಳಿಯುವುದು ತೂಕ ಮಾತ್ರ. ಎಷ್ಟೋ ಕುಟುಂಬಗಳಲ್ಲಿ ಎಕರೆಗಟ್ಟಲೆ ತೋಟ ಸದ್ದಿಲ್ಲದೆ ಹಂಚಿಹೋಗಿ, ಒಂದು ಜೊತೆ ಓಲೆಯ ದೆಸೆಯಿಂದ ಅಣ್ಣತಂಗಿಯರು ಮಾತು ಬಿಟ್ಟಿರುವುದನ್ನು ನೀವೂ ಬಲ್ಲಿರಿ, ನಾವೂ ಬಲ್ಲೆವು. ಅಂತಹ ಒಂದು ಪೆಟ್ಟಿಗೆಯ ವಿಚಾರವಾಗಿ ಕಳೆದ ಜನವರಿಯಲ್ಲಿ ಬೆಂಗಳೂರಿನಲ್ಲಿ ಕಳೆದ ಒಂದು ದಿನದ ಸಂಗತಿಯನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ. ಅವರ ಅನುಮತಿಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇವೆ. ಹೆಸರು, ಊರುಗಳ ಗೊಡವೆ ಬೇಡ.

ಮೂವರು ಒಡಹುಟ್ಟಿದವರು. ಹಿರಿಯರು ನಾವು ಬಾಲ್ಯದಲ್ಲಿದ್ದ ಪ್ರಸಾದ ನಿಲಯದಲ್ಲಿಯೇ ನಮಗಿಂತ ಎರಡು ವರ್ಷ ಮುಂದೆ ಓದಿದವರು, ಸರ್ಕಾರಿ ಸೇವೆಯಿಂದ ಈಚೆಗೆ ನಿವೃತ್ತರಾದವರು. ನಡುವಿನ ತಂಗಿ ಗೃಹಸ್ಥೆ. ಕಿರಿಯವಳು ಮದುವೆಯಾಗದೆ ತಾಯಿಯ ಬಳಿಯಲ್ಲಿಯೇ ಉಳಿದು, ಕೊನೆಯ ಹನ್ನೊಂದು ವರ್ಷ ಆಕೆಯನ್ನು ಕೈಯಾರೆ ನೋಡಿಕೊಂಡವಳು. ಒಡವೆಯ ಪೆಟ್ಟಿಗೆಯ ಬೀಗದ ಕೈ ಆ ಹನ್ನೊಂದು ವರ್ಷವೂ ಅವಳ ಸೆರಗಿನಲ್ಲಿಯೇ ಇದ್ದಿತು. ಈಗ ಅವಳ ಎರಡೂ ಮೊಣಕಾಲು ಸವೆದು ಶಸ್ತ್ರಚಿಕಿತ್ಸೆ ಆಗಬೇಕಾಗಿದೆ. ಒಡವೆ ಮಾರಿ ಮೂರು ಪಾಲು ಮಾಡೋಣವೆಂದು ನಡುವಿನವಳು ಸೂಚಿಸಿದಳು. ಮನೆಯ ಬಂಗಾರ ಮಾರುವುದು ಲಕ್ಷ್ಮಿಯನ್ನು ಹೊರಗಟ್ಟಿದಂತೆ ಎಂದು ಹಿರಿಯರು ಮೊದಲು ಒಪ್ಪಲಿಲ್ಲ. ಅನಂತರ ಒಪ್ಪಿದರಾದರೂ, "ಬುದ್ಧಿಯವರು ಜೊತೆಯಲ್ಲಿದ್ದರೆ ಆಗಲಿ" ಎಂದರು. ಸನ್ಯಾಸಿಗೆ ಚಿನಿವಾರ ಪೇಟೆಯಲ್ಲಿ ಏನು ಕೆಲಸವೆಂದು ನೀವು ಕೇಳಬಹುದು. ಚಿನ್ನದಲ್ಲಿ ಆಸೆಯಿಲ್ಲದವನೊಬ್ಬ ತಕ್ಕಡಿಯ ಬಳಿ ನಿಂತಿರಲಿ ಎಂಬುದೇ ಅವರ ಉದ್ದೇಶವಾಗಿದ್ದಿತು. ನಾವು ಒಪ್ಪಿದೆವು.

ಕಾನೂನಿನ ಮಾತನ್ನು ಹೊರಡುವ ಮುನ್ನವೇ ಅವರಿಗೆ ಹೇಳಿದೆವು. ಹೆಣ್ಣಿನ ಕೈಸೇರಿದ ಆಸ್ತಿ ಆಕೆಯ ಸಂಪೂರ್ಣ ಸ್ವತ್ತೆಂದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಸಾರಿತು. ಆ ಅಧಿನಿಯಮದ ಎರಡನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೂ ಉಂಟು. ಆಕೆ ಮರಣಶಾಸನ ಬರೆಯದೆ ತೀರಿಕೊಂಡು, ಪತಿಯೂ ಇಲ್ಲದಿದ್ದರೆ, ಆಕೆಯ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ತಾಯಿಯ ಒಡವೆಯೆಲ್ಲ ಹೆಣ್ಣುಮಕ್ಕಳಿಗೇ ಎಂಬುದಾಗಲಿ, ಹಿರಿಯ ಮಗನಿಗೆ ಹೆಚ್ಚೆಂಬುದಾಗಲಿ ರೂಢಿಯ ಮಾತೇ ಹೊರತು ಕಾನೂನಲ್ಲ.

ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆವು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯ ಒಡಲಿನಲ್ಲಿಯೇ ಈಗ ಸುರಂಗದ ನಿಲ್ದಾಣವಿದೆ. ಮೇಲೆ ಬಂದರೆ ಅದೇ ಹಳೆಯ ಇಕ್ಕಟ್ಟಾದ ಗಲ್ಲಿಗಳು. ಅವೆನ್ಯೂ ರಸ್ತೆ, ನಗರ್ತಪೇಟೆಗಳ ಕಡೆಗೆ ಹೋದಂತೆ ಒಡವೆಯ ಅಂಗಡಿಗಳ ಸಾಲು, ಮಹಡಿಯ ಮೇಲೆ ಅಕ್ಕಸಾಲಿಗರ ಕುಲುಮೆಗಳು. ಕಿರಿಯವಳು ಕೋಲೂರಿಕೊಂಡು ನಡೆಯುತ್ತಿದ್ದಳು. ಒಡವೆಯ ಚೀಲ ಹಿರಿಯರ ಕೈಯಲ್ಲಿತ್ತು.

ಮೊದಲು ಹೊಕ್ಕ ಅಂಗಡಿಯ ಹೆಸರು ಇಲ್ಲಿ ಅಗತ್ಯವಿಲ್ಲ. ಅಲ್ಲಿಯವರು ಒಡವೆಗಳನ್ನೆಲ್ಲ ಒಟ್ಟಿಗೆ ತಕ್ಕಡಿಗೆ ಸುರಿದು, 162 ಗ್ರಾಂ ಎಂದು ಹೇಳಿ, ಹಳೆಯ ಮಾಲಾದ್ದರಿಂದ ಸವಕಲು, ಕಲ್ಮಶಗಳಿಗೆಂದು ಒಟ್ಟಾರೆ ಇಷ್ಟು ಕಳೆದು ಇಷ್ಟು ಕೊಡುತ್ತೇವೆಂದು ಒಂದೇ ಮಾತಿನಲ್ಲಿ ಮುಗಿಸಿದರು. ಯಾವ ಒಡವೆಗೆ ಎಷ್ಟು ಕಳೆದಿರಿ ಎಂದರೆ ಉತ್ತರವಿಲ್ಲ. ನಾವು ಒಡವೆಗಳನ್ನು ಹಿಂದಕ್ಕೆ ಪಡೆದು ಎದ್ದೆವು. ಓದುಗರೇ, ಇದನ್ನು ನೆನಪಿನಲ್ಲಿಡಿ: ಮಾರುವವನಿಗೆ ಎದ್ದು ಹೋಗುವ ಸ್ವಾತಂತ್ರ್ಯ ಇರುವುದು ಒಡವೆ ಕರಗುವ ತನಕ ಮಾತ್ರ. ಕರಗಿದ ಮೇಲೆ ಅದು ತಾಯಿಯ ಸರವಲ್ಲ, ಯಾರದ್ದೂ ಆಗಬಹುದಾದ ಒಂದು ಗಟ್ಟಿ.

ಎರಡನೆಯ ಅಂಗಡಿಯಲ್ಲಿ ವಯಸ್ಸಾದ ಪರೀಕ್ಷಕರೊಬ್ಬರಿದ್ದರು; ವಂಶಪಾರಂಪರ್ಯವಾಗಿ ಅಕ್ಕಸಾಲಿಗರು. ಅವರು ಒಂದೊಂದು ಒಡವೆಯನ್ನೂ ಬೇರೆಬೇರೆಯಾಗಿ ತೂಗಿ ಚೀಟಿಯಲ್ಲಿ ಬರೆದರು. ನಾಲ್ಕು ಬಳೆ, 48 ಗ್ರಾಂ. ಕೆಂಪು ಕೂರಿಸಿದ ಅಡ್ಡಿಕೆ, 38. ಗುಂಡಿನ ಸರ, 42. ಓಲೆ ಮತ್ತು ಝುಮುಕಿ, 10. ಒಂದು ಎಳೆ ಸರ, 24. ಅಡ್ಡಿಕೆಯಿಂದ ಕಲ್ಲು, ಮೇಣಗಳನ್ನು ಬಿಡಿಸಿ ತೂಗಿದಾಗ ಅದು 29 ಗ್ರಾಮಿಗೆ ಇಳಿಯಿತು. ಬಿಡಿಸಿದ ಕಲ್ಲುಗಳನ್ನು ಪೊಟ್ಟಣ ಕಟ್ಟಿ ನಮ್ಮ ಕೈಗೇ ಕೊಟ್ಟರು. ಗುಂಡುಗಳು ಒಳಗೆ ಟೊಳ್ಳು. ತಗಡು ನಜ್ಜುಗುಜ್ಜಾಗದಿರಲೆಂದು ಹಿಂದಿನವರು ಅದರೊಳಗೆ ಅರಗು ತುಂಬುತ್ತಿದ್ದರು. ಆ ಅರಗು 12 ಗ್ರಾಂ ಹೋಗಿ ಉಳಿದ ಚಿನ್ನ 30 ಗ್ರಾಂ. ಹೀಗೆ 162 ಎಂದುಕೊಂಡದ್ದು ನಿಜವಾಗಿ 141 ಆಯಿತು. ಇದು ಮೋಸವಲ್ಲ, ನಮ್ಮ ಕಣ್ಣೆದುರಿನಲ್ಲಿಯೇ ನಡೆದ ಲೆಕ್ಕ.

ಮುಂದಿನದು ಗುಣದ ಪರೀಕ್ಷೆ. ಅಪ್ಪಟ ಚಿನ್ನವನ್ನು 24 ಕ್ಯಾರೆಟ್ ಎಂದು ಎಣಿಸುತ್ತಾರೆ. ಅದು ಒಡವೆಗೆ ಮೆದುವಾದ್ದರಿಂದ ತಾಮ್ರವನ್ನೋ ಬೆಳ್ಳಿಯನ್ನೋ ಬೆರೆಸುತ್ತಾರೆ. 24ರಲ್ಲಿ 22 ಭಾಗ ಚಿನ್ನವಿದ್ದರೆ 22 ಕ್ಯಾರೆಟ್. ಸಾವಿರಕ್ಕೆ 916ರ ಲೆಕ್ಕ. ಹಿಂದೆ ಒರೆಗಲ್ಲಿನ ಮೇಲೆ ಉಜ್ಜಿ, ಆ ಗೆರೆಗೆ ಆಮ್ಲ ತಾಗಿಸಿ ಕಣ್ಣಂದಾಜಿನಿಂದ ಹೇಳುತ್ತಿದ್ದರು. ಈಗ ಕ್ಷಕಿರಣದ ಯಂತ್ರದೊಳಗೆ ಒಡವೆಯನ್ನಿಟ್ಟರೆ ಕೆಲವೇ ಕ್ಷಣಗಳಲ್ಲಿ ಶೇಕಡಾವಾರು ಅಂಕಿ ಪರದೆಯ ಮೇಲೆ ಮೂಡುತ್ತದೆ. ಮುದುಕರು ಎರಡನ್ನೂ ಮಾಡಿದರು. ಬಳೆ, ಅಡ್ಡಿಕೆ, ಗುಂಡು, ಓಲೆಗಳೆಲ್ಲ 22 ಕ್ಯಾರೆಟ್ಟಿನ ಆಸುಪಾಸಿನಲ್ಲಿಯೇ ಇದ್ದವು.

ಕೊನೆಯಲ್ಲಿ ಎಳೆ ಸರವನ್ನಿಟ್ಟರು. ಯಂತ್ರ 58 ಎಂದು ತೋರಿಸಿತು. ಮತ್ತೊಂದು ಕಡೆ ಹಿಡಿದು ನೋಡಿದರು, ಮತ್ತೆ 58.

ಹಿರಿಯರ ಮುಖ ಬಿಗಿಯಿತು. "ಬುದ್ಧಿ, ಇದು ಅವ್ವನ ಮದುವೆಯ ಸರ. ತವರಿನಲ್ಲಿ ಹಾಕಿದ್ದು. ಅವ್ವ ಅದನ್ನು ಅಪ್ಪಟ ಬಂಗಾರ ಅನ್ನುತ್ತಿದ್ದಳು," ಎಂದರು. ಆಮೇಲೆ ತಂಗಿಯ ಕಡೆಗೆ ನೋಡದೆಯೇ, "ಪೆಟ್ಟಿಗೆ ಯಾರ ಹತ್ತಿರ ಇತ್ತೋ ಅವರೇ ಹೇಳಬೇಕು," ಎಂದರು.

ಆ ಮಾತಿನ ಅರ್ಥ ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ತಾಯಿಯ ಸರವನ್ನು ಮಾರಿಕೊಂಡು ಅದೇ ನಮೂನೆಯ ಕಳಪೆ ಸರವೊಂದನ್ನು ಇಟ್ಟಿರಬೇಕೆಂಬುದೇ ಆ ಮಾತು. ಹನ್ನೊಂದು ವರ್ಷ ತಾಯಿಯ ಮಲಮೂತ್ರವನ್ನು ಬಳಿದ ಕೈಗಳು ಅವು. ಕಿರಿಯವಳು ಅಳಲಿಲ್ಲ, ವಾದಿಸಲೂ ಇಲ್ಲ. "ಅಣ್ಣ, ಅವ್ವನ ಜೊತೆಗೆ ನಾನೂ ಹೋಗಿದ್ದರೆ ಚೆನ್ನಾಗಿತ್ತು," ಎಂದಷ್ಟೇ ಹೇಳಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಳು. ನಡುವಿನವಳು ಅಣ್ಣನ ಮೇಲೆ ರೇಗಿ ಎದ್ದು ನಿಂತಳು. ಆ ಕ್ಷಣದಲ್ಲಿ ಒಂದು ಮನೆ ಒಡೆದುಹೋಗುವುದರಲ್ಲಿತ್ತು.

ನಾವು ಎಲ್ಲರನ್ನೂ ಕುಳ್ಳಿರಿಸಿ ಒಂದೇ ಪ್ರಶ್ನೆ ಕೇಳಿದೆವು: ತಾಯಿಯ ಮದುವೆ ಆದದ್ದು ಯಾವಾಗ? ಯಾರಿಗೂ ಥಟ್ಟನೆ ಹೊಳೆಯಲಿಲ್ಲ. ಕಿರಿಯವಳು ತನ್ನ ಕೈಚೀಲದಿಂದ ಒಂದು ಹಳೆಯ ಕಪ್ಪುಬಿಳುಪು ಚಿತ್ರವನ್ನು ತೆಗೆದಳು. ತಾಯಿ ಅದನ್ನು ಒಡವೆಗಳ ಜೊತೆಯಲ್ಲಿಯೇ ಇಟ್ಟಿದ್ದರಿಂದ ಅವಳೂ ಹಾಗೆಯೇ ತಂದಿದ್ದಳು. ಹಿಂಬದಿಯಲ್ಲಿ ಮಸಿಯಲ್ಲಿ ಬರೆದಿದ್ದಿತು: 1964. ಅದನ್ನು ನೋಡಿದೊಡನೆ ಪರೀಕ್ಷಕರು ನಮ್ಮ ಮುಖ ನೋಡಿದರು. ನಾವು ಅವರ ಮುಖ ನೋಡಿದೆವು. ಅವರಿಗೆ ಕುಲುಮೆಯಿಂದ ತಿಳಿದದ್ದು ನಮಗೆ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರದ ತರಗತಿಯಿಂದ ತಿಳಿದಿದ್ದಿತು.

ಸಂಗತಿ ಇಷ್ಟು. 1962ರ ಚೀನಾ ಯುದ್ಧದ ಬೆನ್ನಿನಲ್ಲಿ ದೇಶದ ವಿದೇಶಿ ವಿನಿಮಯ ಬರಿದಾಗುತ್ತ ಬಂದಾಗ, ಚಿನ್ನದ ಬೇಡಿಕೆಯನ್ನೂ ಕಳ್ಳಸಾಗಣೆಯನ್ನೂ ತಗ್ಗಿಸಬೇಕೆಂದು ಅಂದಿನ ಅರ್ಥಸಚಿವ ಮೊರಾರ್ಜಿ ದೇಸಾಯಿಯವರು 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮಗಳನ್ನು ತಂದರು. ಅದರಂತೆ 14 ಕ್ಯಾರೆಟ್ಟಿಗಿಂತ ಹೆಚ್ಚಿನ ಚಿನ್ನದಲ್ಲಿ ಹೊಸ ಒಡವೆ ಮಾಡುವಂತಿರಲಿಲ್ಲ. 22 ಕ್ಯಾರೆಟ್ಟಿನ ಕೆಲಸವನ್ನೇ ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದ ದೇಶದ ಅಕ್ಕಸಾಲಿಗರಲ್ಲಿ ಬಹುಮಂದಿ ಕಸುಬು ಕಳೆದುಕೊಂಡರು. 14 ಕ್ಯಾರೆಟ್ಟಿನ ಕಟ್ಟು 1966ರಲ್ಲಿ ಸಡಿಲವಾಯಿತು. ಆದರೆ ನಿಯಂತ್ರಣ 1968ರ ಅಧಿನಿಯಮವಾಗಿ ಮುಂದುವರಿದು, 1990ರಲ್ಲಿ ರದ್ದಾಯಿತು.

24 ಭಾಗದಲ್ಲಿ 14 ಭಾಗವೆಂದರೆ ನೂರಕ್ಕೆ 58 ಚಿಲ್ಲರೆ. ಯಂತ್ರ ಹೇಳಿದ್ದೂ ಅದನ್ನೇ. 24 ಗ್ರಾಂ ತೂಗುವ ಆ ಸರದಲ್ಲಿ ಅಪ್ಪಟ ಚಿನ್ನ 14 ಗ್ರಾಂ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕಾನೂನಿನ ಅಳತೆ. ಮುದುಕರು ಭೂತಗನ್ನಡಿ ಹಿಡಿದು ಸರದ ಕೊಂಡಿಗಳನ್ನೂ ಚಿತ್ರದಲ್ಲಿ ಮದುಮಗಳ ಕೊರಳಿನಲ್ಲಿದ್ದ ಸರವನ್ನೂ ಬಹಳ ಹೊತ್ತು ಹೋಲಿಸಿ ನೋಡಿದರು. ಕೈಯಿಂದಲೇ ತಂತಿ ಎಳೆದು ಮಾಡಿದ ಕೆಲಸ. ಕೊಂಡಿಯ ಸವೆತ ಹತ್ತು ಹನ್ನೊಂದು ವರ್ಷದ್ದಲ್ಲ, ಒಂದು ಆಯುಷ್ಯದ್ದು. "ಸ್ವಾಮಿ, ಇದು ಅದೇ ಸರ. ಆ ಕಾಲದಲ್ಲಿ ಕದ್ದುಮುಚ್ಚಿ 22ರಲ್ಲೇ ಮಾಡಿಸಿದವರು ಬೇಕಾದಷ್ಟು ಜನ. ಇದನ್ನು ಮಾಡಿಸಿದ ಯಜಮಾನರು ಕಾನೂನಿಗೆ ಹೆದರಿದವರು, ಇಲ್ಲವೇ ಅದನ್ನು ಗೌರವಿಸಿದವರು," ಎಂದರು.

"ನಮ್ಮ ತಾತ ಪ್ರಾಥಮಿಕ ಶಾಲೆಯ ಮೇಷ್ಟ್ರು," ಎಂದಳು ನಡುವಿನವಳು.

ಹಿರಿಯರು ತಲೆ ತಗ್ಗಿಸಿದರು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಯಂತ್ರ ಸುಳ್ಳು ಹೇಳಲಿಲ್ಲ, ನೋಡಿ. ಅದು ಹೇಳಿದ ಅಂಕಿ ಸತ್ಯ. ಆ ಅಂಕಿಗೆ ಅಣ್ಣನು ಕೊಟ್ಟ ಅರ್ಥ ಮಾತ್ರ ಅಸತ್ಯ. ಲೋಹದ ಗುಣವನ್ನು ಯಂತ್ರ ಹೇಳಬಲ್ಲದು. ಮನುಷ್ಯರ ಗುಣವನ್ನು ಹೇಳಬೇಕಾದಾಗ ಚರಿತ್ರೆ ಬೇಕು, ಸಾಕ್ಷಿ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಗಳಿಗೆಯ ತಾಳ್ಮೆ ಬೇಕು.

ಉಳಿದ 117 ಗ್ರಾಂ ಚಿನ್ನವನ್ನು ಆ ದಿನದ ಪೇಟೆದರದಂತೆ ಮಾರಲಾಯಿತು. ಪ್ರತಿಯೊಬ್ಬರ ಪಾಲಿಗೆ 39 ಗ್ರಾಮಿನ ಬೆಲೆ. ಹಣ ನಗದಾಗಿ ಬರಲಿಲ್ಲ. ನೇರವಾಗಿ ಮೂವರ ಬ್ಯಾಂಕ್ ಖಾತೆಗಳಿಗೆ ಬಂದಿತು, ರಸೀತಿಯೂ ದೊರೆಯಿತು. ಎಳೆ ಸರವನ್ನು ಮಾರುವುದು ಬೇಡ, ಅದು ಕಿರಿಯವಳಿಗಿರಲಿ ಎಂದು ಮೊದಲು ಹೇಳಿದವರು ಹಿರಿಯರೇ. ತಂಗಿಯ ಕೈಗೆ ಕೊಡುವಾಗ ಅವರ ಬಾಯಿಂದ ಮಾತು ಹೊರಡಲಿಲ್ಲ. ಅವಳೂ ಮಾತನಾಡಲಿಲ್ಲ, ಸರವನ್ನು ಆ ಚಿತ್ರದೊಡನೆ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಮರಳುವ ರೈಲು ಸಂಜೆಗೆ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಲಾಲ್‌ಬಾಗಿನಲ್ಲಿ ನಡೆಯುತ್ತಿದ್ದಿತು. ಅವ್ವ ಅದನ್ನು ನೋಡಬೇಕೆಂದು ಹೇಳುತ್ತಲೇ ಇದ್ದು ನೋಡದೆ ಹೋದಳೆಂದು ನಡುವಿನವಳು ನೆನೆದಳು. ಚಿಕ್ಕಪೇಟೆಯಿಂದ ಎರಡು ನಿಲ್ದಾಣ ದಾಟಿದರೆ ಮೂರನೆಯದೇ ಲಾಲ್‌ಬಾಗ್. ಹೋದೆವು.

ಯುರೋಪಿನ ಚಳಿಯ ದೇಶಗಳಲ್ಲಿ ಗಾಜಿನ ಮನೆಗಳನ್ನು ಚಳಿಗಾಲದ ತೋಟಗಳೆಂದು ಕರೆಯುವ ರೂಢಿಯುಂಟು. ಹೊರಗೆ ಹಿಮ ಸುರಿಯುತ್ತಿರುವಾಗ ಬೆಚ್ಚಗಿನ ದೇಶಗಳ ಗಿಡಗಳು ಅದರೊಳಗೆ ಹಸುರಾಗಿ ಬದುಕುತ್ತವೆ. 1851ರ ಲಂಡನ್ ಮಹಾಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ಕಟ್ಟಿದ ಸ್ಫಟಿಕ ಸೌಧ ಆ ಬಗೆಯ ಕಟ್ಟಡಗಳಲ್ಲೆಲ್ಲ ಪ್ರಸಿದ್ಧ. ಅದರಿಂದ ಸ್ಫೂರ್ತಿ ಪಡೆದ ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟ. ಲಂಡನ್ನಿನ ಸೌಧ 1936ರಲ್ಲಿ ಬೆಂಕಿಗೆ ಆಹುತಿಯಾಯಿತು. ನಮ್ಮದು ಇಂದಿಗೂ ನಿಂತಿದೆ. ಬೆಂಗಳೂರಿನಲ್ಲಿ ಹಿಮದ ಭಯವಿಲ್ಲ. ಇಲ್ಲಿ ಚಳಿಗಾಲವೇ ಹೂವಿನ ಕಾಲ. ಮಳೆ ಮುಗಿದ ಮೇಲೆ ಹಾಕಿದ ಪೆಟೂನಿಯಾ, ಸಾಲ್ವಿಯಾ, ಚೆಂಡುಹೂ, ಡೇಲಿಯಾಗಳು ಜನವರಿಯ ಎಳಬಿಸಿಲಿಗೆ ಒಟ್ಟಾಗಿ ಅರಳುತ್ತವೆ.

ಜನಸಂದಣಿ ವಿಪರೀತವಾಗಿತ್ತು. ಬೆಳಗ್ಗೆ ಚಿಕ್ಕಪೇಟೆಯಲ್ಲಿ ಮುಂದೆ ಮುಂದೆ ನಡೆದಿದ್ದ ಹಿರಿಯರು ಈಗ ತಂಗಿಯ ಕೋಲಿನ ವೇಗಕ್ಕೆ ತಮ್ಮ ಹೆಜ್ಜೆಯನ್ನು ಇಳಿಸಿಕೊಂಡಿದ್ದರು. ಯಾರಾದರೂ ನುಗ್ಗಿಬಂದರೆ ನಡುವೆ ತಾವು ನಿಲ್ಲುತ್ತಿದ್ದರು. ಹೂಗಳನ್ನು ನೋಡಿಯಾದ ಮೇಲೆ ಬಂಡೆಯ ಕಡೆಗೆ ಬಂದು ನೆರಳಿನ ಬೆಂಚೊಂದರ ಮೇಲೆ ಕುಳಿತೆವು. ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ಮುಂದೆ 1964 ನಿನ್ನೆಯಂತೆ.

ಬೆಂಚಿನ ಮೇಲೆ ಕುಳಿತಿರುವಾಗ ಹಿರಿಯರು, "ಬುದ್ಧಿ, ಈ ತೋಟ ಯಾರದು?" ಎಂದು ಕೇಳಿದರು. ಮಾತು ಆರಂಭಿಸಲು ಅವರಿಗೊಂದು ನೆಪ ಬೇಕಾಗಿದ್ದಿತು. ನಾವು ತಿಳಿದದ್ದನ್ನು ಹೇಳಿದೆವು. 1760ರಲ್ಲಿ ಹೈದರ್ ಅಲಿ ಆರಂಭಿಸಿದ. ಮಗ ಟಿಪ್ಪು ಬೆಳೆಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಜಾನ್ ಕ್ಯಾಮರೂನ್ ನೋಡಿಕೊಂಡ. ಅವನ ತರುವಾಯ ಬಂದ ಜರ್ಮನಿಯ ಕ್ರುಂಬಿಗಲ್, ವರ್ಷದ ಯಾವ ತಿಂಗಳಿನಲ್ಲಿಯೂ ಯಾವುದಾದರೊಂದು ಮರ ಹೂ ತಳೆದಿರುವಂತೆ ಬೆಂಗಳೂರಿನ ರಸ್ತೆಗಳಲ್ಲಿ ಮರಗಳನ್ನು ಆರಿಸಿ ನೆಡಿಸಿ, 1956ರಲ್ಲಿ ಈ ಊರಿನಲ್ಲಿಯೇ ಮಣ್ಣಾದ. ಅನಂತರ ಜವರಾಯರು, ಮರಿಗೌಡರು. ಒಬ್ಬರಿಗೊಬ್ಬರು ರಕ್ತಸಂಬಂಧಿಗಳಲ್ಲ, ಭಾಷೆ, ಮತ, ದೇಶಗಳೂ ಒಂದಲ್ಲ. ಆದರೂ ಹಿಂದಿನವನು ನೆಟ್ಟದ್ದನ್ನು ಮುಂದಿನವನು ಕಡಿಯದೆ, ತನ್ನದಿಷ್ಟನ್ನು ಸೇರಿಸಿ ಇನ್ನೊಬ್ಬನಿಗೆ ಒಪ್ಪಿಸಿಹೋದ.

"ಸೀಮೆಬದನೆಯನ್ನು ಈ ತೋಟದ ಮೂಲಕ ನಮ್ಮ ನಾಡಿಗೆ ಪರಿಚಯಿಸಿದ್ದೂ ಆ ಕ್ಯಾಮರೂನನೇ," ಎಂದೆವು.

"ಅವ್ವ ಅದಕ್ಕೆ ಕಡಲೆಬೇಳೆ ಹಾಕಿ ಪಲ್ಯ ಮಾಡುತ್ತಿದ್ದಳು," ಎಂದಳು ಕಿರಿಯವಳು. ಅಂಗಡಿ ಬಿಟ್ಟ ಮೇಲೆ ಅವಳು ಆಡಿದ ಮೊದಲ ಮಾತು ಅದು.

"ಈಗ ನೀನು ಮಾಡುತ್ತೀಯಲ್ಲ, ಅದೇ ರುಚಿ," ಎಂದರು ಹಿರಿಯರು. ಸ್ವಲ್ಪ ಹೊತ್ತಿನ ಮೇಲೆ, "ನನ್ನ ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡವ್ವ," ಎಂದೂ ಸೇರಿಸಿದರು. ನಮ್ಮ ಕಡೆ ತಂಗಿಯನ್ನು ಅವ್ವ ಎಂದು ಕರೆಯುವುದು ಅಕ್ಕರೆಗೆ. ಅವಳು ತಲೆಯಾಡಿಸಿದಳು. ಪೂರ್ತಿ ಕ್ಷಮಿಸಿದಳೋ ಇಲ್ಲವೋ ನಾವು ಕೇಳಲಿಲ್ಲ. ಕೆಲವು ಗಾಯಗಳು ಒಂದು ಮಧ್ಯಾಹ್ನದಲ್ಲಿ ಮಾಯುವುದಿಲ್ಲ. ಮಾಯಲು ಆರಂಭಿಸಿದರೆ ಅದೇ ದೊಡ್ಡದು.

ಪಿತ್ರಾರ್ಜಿತದಲ್ಲಿ ಎರಡು ಬಗೆಯುಂಟೆಂದು ಅಂದು ನಮಗೆ ತೋರಿತು. ಹಂಚಿದರೆ ಕಡಿಮೆಯಾಗುವುದು ಒಂದು. 117 ಗ್ರಾಂ ಮೂವರಿಗೆ ಹಂಚಿದರೆ 39 ಆಗಲೇಬೇಕು. ಹಂಚಿದಷ್ಟೂ ಕಡಿಮೆಯಾಗದಿರುವುದು ಮತ್ತೊಂದು. ಪಲ್ಯದ ರುಚಿ, ಮರದ ನೆರಳು, ಕಾನೂನಿಗೆ ತಲೆಬಾಗಿದ ಮೇಷ್ಟ್ರ ನಡತೆ ಈ ಎರಡನೆಯ ಬಗೆಗೆ ಸೇರಿದವು. ಮೊದಲನೆಯದನ್ನು ಕಡೆಗಣಿಸಿರೆಂದು ನಾವು ಹೇಳುವುದಿಲ್ಲ. ಬಡ ಹೆಣ್ಣುಮಗಳ ಮೊಣಕಾಲಿಗೆ ಔಷಧವಾಗಬೇಕಾದದ್ದು ಆ ಚಿನ್ನವೇ. ಪೆಟ್ಟಿಗೆಯಲ್ಲಿ ಮಲಗಿರುವ ಚಿನ್ನಕ್ಕಿಂತ ಎದ್ದು ನಡೆಯುವ ಮನುಷ್ಯಳು ಮನೆಗೆ ಹೆಚ್ಚು ಲಕ್ಷ್ಮಿ.

ಒಡವೆ ಮಾರಬೇಕಾಗಿ ಬಂದವರು ತಿಳಿದಿರಲೆಂದು ಕೆಲವು ಮಾತು ಹೇಳಿ ಮುಗಿಸುತ್ತೇವೆ. ಭಾರತೀಯ ಮಾನಕ ಬ್ಯೂರೊ ಮಾನ್ಯ ಮಾಡಿದ ಪರೀಕ್ಷಾ ಕೇಂದ್ರಗಳಲ್ಲಿ ಶುಲ್ಕ ಕೊಟ್ಟು ಹಳೆಯ ಒಡವೆಯ ಗುಣವನ್ನು ಮೊದಲೇ ತಿಳಿಯಬಹುದು. 2021ರ ಜೂನ್ 16ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿರುವುದು ಅಂಗಡಿಯವರು ಮಾರುವ ಒಡವೆಗೆ. ಗುರುತಿಲ್ಲದ ಹಳೆಯ ಒಡವೆಯನ್ನು ಮನೆಯವರು ಮಾರಲು ಅಡ್ಡಿಯಿಲ್ಲ. ಪ್ರತಿಯೊಂದು ಒಡವೆಯನ್ನೂ ಬೇರೆಯಾಗಿ ತೂಗಿಸಿ. ಕಲ್ಲು, ಅರಗುಗಳ ತೂಕವನ್ನು ಬೇರೆಯಾಗಿ ಬರೆಸಿ. ಕರಗಿಸುವಾಗ ಎದುರಿನಲ್ಲಿಯೇ ಇರಿ. ಉತ್ತರಾಧಿಕಾರದಿಂದ ಬಂದ ಒಡವೆಗೆ ಬಂದಾಗ ತೆರಿಗೆಯಿಲ್ಲ. ಮಾರಿದಾಗ ಬಂದ ಲಾಭಕ್ಕೆ ಉಂಟು. 2001ರ ಏಪ್ರಿಲ್ 1ಕ್ಕೆ ಮೊದಲಿನ ಒಡವೆಗೆ ಆ ದಿನದ ಬೆಲೆಯನ್ನೇ ಮೂಲ ಬೆಲೆಯೆಂದು ಹಿಡಿಯಲು ಅವಕಾಶವಿದೆ. 2024ರ ಜುಲೈ 23ರಿಂದ ಜಾರಿಗೆ ಬಂದ ನಿಯಮದಂತೆ ದೀರ್ಘಕಾಲದ ಲಾಭಕ್ಕೆ ದರ ಶೇಕಡಾ 12.5. ಲೆಕ್ಕ ಬಲ್ಲವರನ್ನು ಕೇಳಿ ಮುಂದುವರಿಯಿರಿ.

ಇವೆಲ್ಲಕ್ಕಿಂತ ಸುಲಭವಾದದ್ದು ಒಂದಿದೆ. ಅದಕ್ಕೆ ಶುಲ್ಕವೂ ಇಲ್ಲ. ತಾಯಂದಿರು ಬದುಕಿರುವಾಗಲೇ ಮಕ್ಕಳು ಅವರ ಪಕ್ಕದಲ್ಲಿ ಕುಳಿತು, ಒಂದೊಂದು ಒಡವೆಯನ್ನೂ ಕೈಗೆತ್ತಿಕೊಂಡು, ಇದನ್ನು ಯಾರು ಮಾಡಿಸಿದರು, ಯಾವ ವರ್ಷ, ಯಾತಕ್ಕಾಗಿ ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯಲ್ಲಿಡಲಿ. ಹಳೆಯ ಚಿತ್ರವಿದ್ದರೆ ಅದನ್ನೂ ಜೊತೆಯಲ್ಲಿಡಲಿ. ಆ ತಾಯಿ ಅಕ್ಷರ ಬಲ್ಲವಳಲ್ಲ. ಆದರೂ ಒಂದು ಚಿತ್ರವನ್ನು ಒಡವೆಗಳ ನಡುವೆ ಇಟ್ಟುಹೋದಳು, ಅದು ಅವಳ ಮಗಳ ಮಾನವನ್ನು ಕಾಯಿತು.